ಇ-ಪುಸ್ತಕದ ಮಾರಾಟ ಮತ್ತು ಕನ್ನಡ ಗ್ರಂಥಪ್ರಕಾಶನ: ಒಂದು ವಿಮರ್ಶೆ

1

ಇ-ಪುಸ್ತಕವು ಬಳಕೆಗೆ ಬಂದ ಮೇಲೆ ಮುದ್ರಿತ ಗ್ರಂಥದ ಗತಿಯೇನು ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳು ಪ್ರಚಾರದಲ್ಲಿವೆ. ಕಾಗದದ ಪುಸ್ತಕದ ಕಾಲ ಮುಗಿಯಿತು, ಇನ್ನು ಓದೆಲ್ಲವೂ ಮೊಬೈಲಿನಲ್ಲಿಯೇ ಎಂಬುದು ಒಂದು. ಇ-ಪುಸ್ತಕವು ನಾಲ್ಕು ದಿನದ ಬೆರಗು, ಕನ್ನಡದ ಓದುಗನು ಅದನ್ನು ಒಲ್ಲೆನೆಂದು ಬಿಟ್ಟಿದ್ದಾನೆ ಎಂಬುದು ಇನ್ನೊಂದು. ಮೊದಲನೆಯ ಪಕ್ಷದವರು ಅಮೆರಿಕೆಯ ಅಂಕಿಗಳನ್ನು ಮುಂದಿಡುತ್ತಾರೆ. ಎರಡನೆಯ ಪಕ್ಷದವರು ಕನ್ನಡ ಇ-ಪುಸ್ತಕದ ಅಲ್ಪ ಮಾರಾಟವನ್ನು ಮುಂದಿಡುತ್ತಾರೆ. ಇಬ್ಬರೂ ಮಾರಾಟವನ್ನು ಓದುಗನ ಅಭಿರುಚಿಯ ತೀರ್ಪೆಂದೇ ಭಾವಿಸಿದ್ದಾರೆ. ಈ ಭಾವನೆಯೇ ಮೊದಲು ಪರೀಕ್ಷಿಸತಕ್ಕದ್ದೆಂದು ನಮಗೆ ತೋರುತ್ತದೆ.

ನಾವು ಅರ್ಥಶಾಸ್ತ್ರಜ್ಞರಲ್ಲ, ಇತಿಹಾಸದ ಅಧ್ಯಾಪಕರು. ಒಂದು ಮಾತನ್ನು ಕೇಳಿದಾಗ ಅದಕ್ಕೆ ಆಧಾರವೇನು, ಆ ಆಧಾರವನ್ನು ಬರೆದಿಟ್ಟವರಾರು, ಅವರು ಬರೆಯದೆ ಬಿಟ್ಟದ್ದೇನು ಎಂದು ವಿಚಾರಿಸುವುದು ನಮ್ಮ ಕಸಬಿನ ಅಭ್ಯಾಸ. ಆ ಅಭ್ಯಾಸದಿಂದ ನೋಡಿದರೆ, ಕನ್ನಡ ಇ-ಪುಸ್ತಕದ ವಿಷಯದಲ್ಲಿ ಎಷ್ಟು ಪ್ರತಿ ಮಾರಿತು ಎಂಬುದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳು ಎರಡು. ಅದು ಅಂಗಡಿಯ ಬಾಗಿಲೊಳಗೆ ಬಂದದ್ದು ಹೇಗೆ? ಮಾರಾಟವಾದ ಮೇಲೆ ಅದು ಉಳಿಯುವುದೆಲ್ಲಿ? ಬೀದರಿನಂಥ ಗಡಿಜಿಲ್ಲೆಯವರಾದ ನಮಗೆ ಈ ಎರಡು ಪ್ರಶ್ನೆಗಳೂ ಕೇವಲ ಪಾಂಡಿತ್ಯದ ಪ್ರಶ್ನೆಗಳಲ್ಲ.

2

ಮೊದಲು ಹೊರದೇಶದ ಅಂಕಿಗಳನ್ನು ನೋಡೋಣ. ಅಮೆಜಾನ್ ಸಂಸ್ಥೆಯು ಕಿಂಡಲ್ ಎಂಬ ಓದುವ ಸಾಧನವನ್ನು 2007ರ ನವೆಂಬರಿನಲ್ಲಿ ಮಾರಾಟಕ್ಕೆ ತಂದಿತು. 2011ರ ಮೇ ತಿಂಗಳಿನಲ್ಲಿ, ತನ್ನ ಅಮೆರಿಕದ ಅಂಗಡಿಯಲ್ಲಿ ಮಾರುವ ಪ್ರತಿ 100 ಮುದ್ರಿತ ಪುಸ್ತಕಗಳಿಗೆ 105 ಕಿಂಡಲ್ ಪುಸ್ತಕಗಳು ಮಾರಾಟವಾಗುತ್ತಿವೆಯೆಂದು ಅದೇ ಸಂಸ್ಥೆ ಸಾರಿತು. ಮುದ್ರಿತ ಗ್ರಂಥದ ಅಂತ್ಯಕಾಲವನ್ನು ಪತ್ರಿಕೆಗಳು ನುಡಿಯತೊಡಗಿದ್ದು ಈ ಹೇಳಿಕೆಯ ಬಲದಿಂದಲೇ. ಆದರೆ ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಅಂಗಡಿಯು ಕೊಟ್ಟದ್ದು ಪ್ರಮಾಣವನ್ನು ಮಾತ್ರ. ಒಟ್ಟು ಪ್ರತಿಗಳ ಸಂಖ್ಯೆಯನ್ನಲ್ಲ. ಶಾಸನದಲ್ಲಿ ದಾನದ ಭೂಮಿಯ ಅಳತೆಯನ್ನು ಹೇಳದೆ, ಹಿಂದಿನ ದಾನಕ್ಕಿಂತ ಇದು ಅಧಿಕವೆಂದು ಮಾತ್ರ ಬರೆದಿದ್ದರೆ ನಾವು ಅದರಿಂದ ಎಷ್ಟನ್ನು ಊಹಿಸಬಹುದೋ ಇದರಿಂದಲೂ ಅಷ್ಟನ್ನೇ ಊಹಿಸಬಹುದು.

ಅನಂತರದ ವರ್ಷಗಳಲ್ಲಿ ಪ್ರವಾಹವು ತಿರುಗಿದಂತೆ ಕಂಡಿತು. ಅಮೆರಿಕದ ಪ್ರಕಾಶಕರ ಸಂಘದ ವರದಿಗಳ ಪ್ರಕಾರ 2013ರ ವೇಳೆಗೆ ಇ-ಪುಸ್ತಕದ ಏರಿಕೆ ನಿಂತಿತು; 2015ರಲ್ಲಿ ಆದಾಯ ಇಳಿಯಿತು. ಇಂಗ್ಲೆಂಡಿನಲ್ಲಿಯೂ ಅದೇ ವರ್ಷ ಅಂಥದೇ ಇಳಿಕೆ ವರದಿಯಾಯಿತು. ಕೂಡಲೇ ಎರಡನೆಯ ಪಕ್ಷದವರು ಜಯಘೋಷ ಮಾಡಿದರು. ಇಲ್ಲಿಯೂ ಆಧಾರದ ಮಿತಿಯನ್ನು ಮರೆಯಲಾಯಿತು. ಆ ವರದಿಗಳು ಎಣಿಸಿದ್ದು ವರದಿ ಕೊಡುವ ಪ್ರಕಾಶಕರ ಪುಸ್ತಕಗಳನ್ನು. ಲೇಖಕರು ತಾವೇ ಪ್ರಕಟಿಸಿ ಅಗ್ಗದ ಬೆಲೆಗೆ ಮಾರಿದ ಅಸಂಖ್ಯ ಇ-ಪುಸ್ತಕಗಳು ಆ ಲೆಕ್ಕಕ್ಕೆ ಬರಲೇ ಇಲ್ಲ. ಅದೂ ಅಲ್ಲದೆ, ಬೆಲೆ ಕಟ್ಟುವ ಅಧಿಕಾರಕ್ಕಾಗಿ ಪ್ರಕಾಶಕರಿಗೂ ಅಂಗಡಿಗೂ ಬಹುಕಾಲ ವ್ಯಾಜ್ಯ ನಡೆದಿತ್ತು. 2012ರಲ್ಲಿ ಅಮೆರಿಕ ಸರ್ಕಾರವು ಆಪಲ್ ಸಂಸ್ಥೆಯ ಮೇಲೂ ಐವರು ದೊಡ್ಡ ಪ್ರಕಾಶಕರ ಮೇಲೂ ಮೊಕದ್ದಮೆ ಹೂಡಿದುದು ಈ ವ್ಯಾಜ್ಯದ ಒಂದು ಘಟ್ಟ. ಕಡೆಗೆ 2014–15ರ ಹೊತ್ತಿಗೆ ಆ ಅಧಿಕಾರವು ದೊಡ್ಡ ಪ್ರಕಾಶಕರಿಗೆ ಮರಳಿತು, ಅವರು ಬೆಲೆಯನ್ನು ಏರಿಸಿದರು. ಏರಿದ ಬೆಲೆಗೆ ಕೊಳ್ಳುವವರು ಕಡಮೆಯಾದರೆ ಅದು ಅಭಿರುಚಿಯ ಮಾತಲ್ಲ, ಬೆಲೆಯ ಮಾತು.

ಹೀಗೆ ಅಂಕಿಗಳು ಹೇರಳವಾಗಿರುವ ದೇಶದಲ್ಲಿಯೇ ಮಾರಾಟದ ಏರಿಳಿತವು ಓದುಗನ ಮನಸ್ಸಿನ ನೇರ ಪ್ರತಿಬಿಂಬವಲ್ಲ. ಕನ್ನಡದ ವಿಷಯದಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು.

3

2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್ ಅಂಗಡಿಯನ್ನು ಭಾರತೀಯ ಭಾಷೆಗಳಿಗೆ ತೆರೆಯಿತು. ಆಗ ಪ್ರವೇಶ ದೊರೆತ ಭಾಷೆಗಳು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ತೆಲುಗು ಬಂಗಾಳಿಗಳೂ ಇರಲಿಲ್ಲವೆಂಬುದು ನಿಜ. ಅದರಿಂದ ನಮ್ಮ ಕೊರತೆ ತುಂಬುವುದಿಲ್ಲ. ಬೆಂಗಳೂರಿನವರಿಗೆ ಇದು ಒಂದು ಅಸಮಾಧಾನದ ಸುದ್ದಿಯಾಗಿತ್ತು. ಬೀದರ ಜಿಲ್ಲೆಯಲ್ಲಿ ಅದಕ್ಕೆ ಬೇರೊಂದು ಅರ್ಥವಿತ್ತು. ಭಾಲ್ಕಿ, ಔರಾದ ತಾಲ್ಲೂಕುಗಳಲ್ಲಿ ಕನ್ನಡ ಮರಾಠಿಗಳೆರಡನ್ನೂ ಬಲ್ಲ ಮನೆಗಳು ಬಹಳ. ಅಂಥ ಮನೆಯ ಹುಡುಗನೊಬ್ಬನು ಓದುವ ಸಾಧನವನ್ನು ಕೈಗೆತ್ತಿಕೊಂಡರೆ ಅವನ ಒಂದು ಭಾಷೆಗೆ ಅಲ್ಲಿ ಅಂಗಡಿಯುಂಟು, ಇನ್ನೊಂದು ಭಾಷೆಗೆ ಇಲ್ಲ. ಅವನು ಮರಾಠಿ ಪುಸ್ತಕವನ್ನು ಕೊಂಡನೆಂದರೆ ಕನ್ನಡವನ್ನು ತಿರಸ್ಕರಿಸಿದನೆಂದು ಅರ್ಥವಾಗುವುದಿಲ್ಲ. ಮಾರಾಟದ ಪಟ್ಟಿಯಲ್ಲಾದರೋ ಹಾಗೆಯೇ ದಾಖಲಾಗುತ್ತದೆ.

ಇಂಥ ಬಾಗಿಲು ನಮ್ಮ ಜಿಲ್ಲೆಗೆ ಹೊಸದಲ್ಲ. 1948ರವರೆಗೆ ಬೀದರವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆಯೂ ಶಾಲೆಯ ಭಾಷೆಯೂ ಉರ್ದು. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮಾತಾಗಿದೆ. ಆ ಕಾಲದ ಸರ್ಕಾರಿ ಅಂಕಿಗಳನ್ನು ಮಾತ್ರ ಓದಿದವನು ಭಾಲ್ಕಿಯಲ್ಲಿ ಕನ್ನಡ ಕಲಿಯುವ ಆಸೆಯೇ ಇರಲಿಲ್ಲವೆಂದು ತೀರ್ಮಾನಿಸಬಹುದು. ಫಲಕವನ್ನು ಎಣಿಸಿದವನಿಗೆ ಒಳಗಿನ ಪಾಠ ಕಾಣುವುದಿಲ್ಲ. ಒಂದು ಖಾಸಗಿ ಅಂಗಡಿಯ ವ್ಯಾಪಾರನೀತಿಯನ್ನು ಒಂದು ರಾಜ್ಯದ ಭಾಷಾನೀತಿಗೆ ಸಮನೆಂದು ನಾವು ಹೇಳುತ್ತಿಲ್ಲ. ಅಂಕಿಯನ್ನು ಓದುವಾಗ ಬಾಗಿಲನ್ನು ಮರೆಯಬಾರದೆಂಬ ಪಾಠ ಎರಡರಲ್ಲಿಯೂ ಒಂದೇ ಎಂದಷ್ಟೇ ನಮ್ಮ ಮಾತು.

ಎರಡನೆಯ ತಡೆ ಅಕ್ಷರದ್ದು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೆ ನಮ್ಮ ಪ್ರಕಾಶಕರು ಬಹುಕಾಲ ಪುಟ ಜೋಡಿಸಿದುದು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಅವುಗಳಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಕುಳಿತಿರುತ್ತವೆ. ಮುದ್ರಣಕ್ಕೆ ಅದು ಸಾಕಾಗಿತ್ತು. ಅದೇ ಕಡತವನ್ನು ಇ-ಪುಸ್ತಕ ಮಾಡಹೊರಟಾಗ ಫಾಂಟು ಇಲ್ಲದ ಸಾಧನದಲ್ಲಿ ಪುಟವೆಲ್ಲ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತದೆ. ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪುತ್ತವೆ. ಕರಡನ್ನು ಮತ್ತೆ ಮೊದಲಿನಿಂದ ತಿದ್ದಬೇಕು. ಮೊಳೆಜೋಡಣೆಯ ಕಾಲದ ಗ್ರಂಥಗಳಿಗಂತೂ ಕಡತವೇ ಇಲ್ಲ. ಪುಟದ ಚಿತ್ರವನ್ನು ತೆಗೆಯಬೇಕು, ಇಲ್ಲವೆ ಹೊಸದಾಗಿ ಬೆರಳಚ್ಚು ಮಾಡಿಸಬೇಕು. ಆದುದರಿಂದ ಇ-ಪುಸ್ತಕಕ್ಕೆ ಖರ್ಚೇ ಇಲ್ಲವೆಂಬ ಮಾತು ಕನ್ನಡದ ಹಳೆಯ ಗ್ರಂಥಗಳ ಮಟ್ಟಿಗೆ ಸುಳ್ಳು.

ಮೂರನೆಯ ತಡೆ ಕರದ್ದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಮುದ್ರಿತ ಪುಸ್ತಕಕ್ಕೆ ತೆರಿಗೆಯಿರಲಿಲ್ಲ. ಇ-ಪುಸ್ತಕಕ್ಕೆ ಶೇಕಡಾ 18 ಬಿದ್ದಿತು. 2018ರ ಜುಲೈಯಲ್ಲಿ ಅದನ್ನು ಶೇಕಡಾ 5ಕ್ಕೆ ಇಳಿಸಲಾಯಿತು. ಆದರೆ ಈ ರಿಯಾಯಿತಿ ಮುದ್ರಿತ ರೂಪವುಳ್ಳ ಇ-ಪುಸ್ತಕಕ್ಕೆ ಮಾತ್ರ. ಇ-ಪುಸ್ತಕವಾಗಿಯೇ ಹುಟ್ಟಿದ ಗ್ರಂಥವು ಶೇಕಡಾ 18ರಲ್ಲಿಯೇ ಉಳಿಯಿತು. ಕಾಗದಕ್ಕೆ ಹಣವಿಲ್ಲದೆ ಇ-ಪುಸ್ತಕವನ್ನು ಆಶ್ರಯಿಸುವ ತರುಣ ಲೇಖಕನು ಹೆಚ್ಚು ಕರ ತೆರಬೇಕು, ಎರಡು ರೂಪದಲ್ಲಿಯೂ ಅಚ್ಚು ಮಾಡಬಲ್ಲವನು ಕಡಮೆ ತೆರಬೇಕು ಎಂಬುದು ವಿಚಿತ್ರವಾದ ನ್ಯಾಯ.

4

ಇಷ್ಟು ತಡೆಗಳಿದ್ದಾಗ್ಯೂ ಕನ್ನಡ ಇ-ಪುಸ್ತಕವು ನಿಂತುಹೋಗಲಿಲ್ಲ. ಗೂಗಲ್ ಸಂಸ್ಥೆಯ ಪುಸ್ತಕದಂಗಡಿಯಲ್ಲಿ ಕನ್ನಡದ ಪುಸ್ತಕಗಳು ಬಂದುವು. 2020ರ ಸುಮಾರಿಗೆ ಬೆಂಗಳೂರಿನಲ್ಲಿ ಮೈಲ್ಯಾಂಗ್ ಎಂಬ ಸಂಸ್ಥೆ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳಿಗಾಗಿಯೇ ಆರಂಭವಾಯಿತು. ಅದೇ ವರ್ಷ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ತೆರೆಯಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ 2016ರಿಂದಲೂ ನಿಘಂಟು, ಕೋಶಗಳನ್ನು ಉಚಿತವಾಗಿ ಒದಗಿಸಿದೆ. ಇವುಗಳ ಬಂದ ಕಾಲವನ್ನು ನೋಡಿದರೆ, ದೊಡ್ಡ ಅಂಗಡಿಯು ಬಾಗಿಲು ತೆರೆಯದಿದ್ದಾಗ ಕನ್ನಡಿಗರು ತಮ್ಮದೇ ಅಂಗಡಿಗಳನ್ನು ಕಟ್ಟಬೇಕಾಯಿತೆಂಬುದು ಸ್ಪಷ್ಟವಾಗುತ್ತದೆ.

ಈ ಬೆಳವಣಿಗೆಯಿಂದ ಪ್ರಕಾಶನದ ವೃತ್ತಿಯಲ್ಲಿ ಆದ ಬದಲಾವಣೆಯನ್ನು ಅರಿಯಲು ಹಿಂದಿನ ವ್ಯವಸ್ಥೆಯನ್ನು ನೆನೆಯಬೇಕು. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಕೂಡಿಸಿತು. ಓದುಗನು ಮುಂಗಡವಾಗಿ ಹಣ ಕೊಟ್ಟನು, ಪುಸ್ತಕ ಅಂಚೆಯಲ್ಲಿ ಬಂದಿತು. ಈ ಪದ್ಧತಿಯಲ್ಲಿ ಪ್ರಕಾಶಕನ ಮುಖ್ಯ ಆಸ್ತಿಯೆಂದರೆ ಚಂದಾದಾರರ ಹೆಸರಿನ ಪಟ್ಟಿ. ಯಾವ ಊರಿನಲ್ಲಿ ಯಾರು ಓದುತ್ತಾರೆಂಬುದು ಅವನಿಗೆ ಗೊತ್ತು. ಇ-ಪುಸ್ತಕದಂಗಡಿಯೂ ಚಂದಾ ಪಡೆಯುತ್ತದೆ, ಅದರ ಬಳಿಯೂ ಹೆಸರುಗಳಿವೆ; ಯಾವ ಪುಟಕ್ಕೆ ಓದುಗನು ನಿಂತನೆಂಬುದನ್ನೂ ತಿಳಿಯಬಲ್ಲ ಉಪಾಯ ಅದರ ಕೈಯಲ್ಲಿದೆ. ಆದರೆ ಆ ತಿಳಿವಳಿಕೆ ಅಂಗಡಿಯವನದು. ಪ್ರಕಾಶಕನಿಗೆ ದೊರೆಯುವುದು ಹಣದ ಲೆಕ್ಕ ಮಾತ್ರ. ತನ್ನ ಓದುಗನನ್ನು ತಾನೇ ಅರಿಯದ ಪ್ರಕಾಶಕನು ಮುಂದಿನ ಪುಸ್ತಕವನ್ನು ಯಾವ ಧೈರ್ಯದಿಂದ ತರಬೇಕು? ಬೆಲೆಯ ಹಂಚಿಕೆಗಿಂತಲೂ ಈ ಬದಲಾವಣೆ ದೊಡ್ಡದೆಂದು ನಮ್ಮ ಅಭಿಪ್ರಾಯ.

ಕನ್ನಡ ಪ್ರಕಾಶನವು ನಿಂತಿರುವ ಇನ್ನೊಂದು ಕಂಬ ಸರ್ಕಾರದ ಸಗಟು ಖರೀದಿ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ಆಸ್ತಿ ತೆರಿಗೆ ಮೊದಲಾದವುಗಳ ಮೇಲೆ ಶೇಕಡಾ 6ರ ಗ್ರಂಥಾಲಯ ಕರ ವಸೂಲಾಗುತ್ತದೆ. ಆಯ್ಕೆಯಾದ ಗ್ರಂಥದ ಸುಮಾರು 300 ಪ್ರತಿಗಳನ್ನು ಇಲಾಖೆ ಕೊಳ್ಳುವ ವಾಡಿಕೆ ಬೆಳೆದಿದೆ. ಸಾವಿರ ಪ್ರತಿ ಅಚ್ಚು ಹಾಕುವ ಪ್ರಕಾಶಕನಿಗೆ ಈ 300 ಪ್ರತಿಗಳು ಬಂಡವಾಳದ ಬಹುಭಾಗ. ಈ ಏರ್ಪಾಡು ಪುಟಗಳ ಲೆಕ್ಕದಲ್ಲಿ, ಕಾಗದದ ಪ್ರತಿಯ ಮೇಲೆ ಕಟ್ಟಲ್ಪಟ್ಟದ್ದು. ಆದಕಾರಣ ಕನ್ನಡದಲ್ಲಿ ಇ-ಪುಸ್ತಕವು ಮುದ್ರಿತ ಪುಸ್ತಕವನ್ನು ಕೊಂದಿಲ್ಲ, ಕೊಲ್ಲಲೂ ಆರದು. ಮುದ್ರಿತ ಪುಸ್ತಕದ ಬೆನ್ನ ಹಿಂದೆ ಅದು ಬರುತ್ತಿದೆ. ಇದಕ್ಕೆ ಕಾರಣ ಓದುಗನ ಕಾಗದಪ್ರೇಮವಲ್ಲ, ಖರೀದಿಯ ನಿಯಮ.

ಆದರೂ ಇ-ಪುಸ್ತಕದ ಉಪಕಾರವನ್ನು ನಾವು ಮರೆಮಾಚಲಾರೆವು. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರು. ಹೈದರಾಬಾದು ಅದರ ನಾಲ್ಕನೆಯ ಒಂದು ಭಾಗವೂ ಆಗದು. ಕನ್ನಡ ಸಾಹಿತ್ಯ ಸಮ್ಮೇಳನವು 1960, 1985, 2006ರಲ್ಲಿ ಬೀದರಿಗೆ ಬಂದಿತು. ನಾಡಿನ ಪ್ರಕಾಶಕರು ಒಂದೆಡೆ ಸೇರಿ ಮಳಿಗೆ ಹಾಕುವ ಅಂಥ ದಿನಗಳು ಜಿಲ್ಲೆಗೆ ಎರಡು ದಶಕಗಳಿಗೊಮ್ಮೆ ಒದಗಿವೆ. ನಡುವಣ ವರ್ಷಗಳಲ್ಲಿ ಔರಾದಿನ ಓದುಗನು ಒಂದು ಸಂಶೋಧನ ಗ್ರಂಥಕ್ಕಾಗಿ ಪತ್ರ ಬರೆದು ಕಾಯಬೇಕಾಗಿತ್ತು. ಈಗ ಚಿದ್ರಿಯ ನಮ್ಮ ಮನೆಯಲ್ಲಿ ಕುಳಿತು ಧಾರವಾಡದಲ್ಲಿ ಪ್ರಕಟವಾದುದನ್ನು ಅದೇ ಸಂಜೆ ಓದಲು ಸಾಧ್ಯವಾಗಿದೆ. ದೂರವೇ ದಂಡವಾಗಿದ್ದ ಜಿಲ್ಲೆಗೆ ಇದು ಸಣ್ಣ ಲಾಭವಲ್ಲ.

5

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಮಾರಾಟವಾದ ಇ-ಪುಸ್ತಕ ಉಳಿಯುವುದೆಲ್ಲಿ?

ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು ವಚನಗಳನ್ನು ಕುರಿತ ಪ್ರಬಂಧವನ್ನು ತಂದನು. ಪ್ರಬಂಧ ಚೆನ್ನಾಗಿತ್ತು. ಆಧಾರಗ್ರಂಥ ಯಾವುದೆಂದು ಕೇಳಿದಾಗ ತನ್ನ ಮೊಬೈಲನ್ನು ಮುಂದೆ ಹಿಡಿದನು. ಅದರಲ್ಲಿದ್ದುದು ಸ್ನೇಹಿತರಿಂದ ಸ್ನೇಹಿತರಿಗೆ ಹರಿದುಬಂದ ಒಂದು ಪಿಡಿಎಫ್ ಕಡತ. ಶೀರ್ಷಿಕೆಯ ಪುಟವಿರಲಿಲ್ಲ; ಸಂಪಾದಕರ ಹೆಸರು, ಮುದ್ರಣದ ವರ್ಷ, ಎಷ್ಟನೆಯ ಆವೃತ್ತಿ ಎಂಬ ಯಾವುದೂ ಇರಲಿಲ್ಲ. ಒಂದು ವಚನದ ಪಾಠವು ನಮ್ಮ ಬಳಿಯಿದ್ದ ಮುದ್ರಿತ ಪ್ರತಿಗಿಂತ ಭಿನ್ನವಾಗಿತ್ತು. ಅದು ಬೇರೆ ಹಸ್ತಪ್ರತಿಯ ಪಾಠವೋ ಬೆರಳಚ್ಚಿನ ದೋಷವೋ ನಿರ್ಣಯಿಸುವ ಮಾರ್ಗ ನಮಗೆ ಉಳಿಯಲಿಲ್ಲ. ಅವನು ತಿಂಗಳುಗಟ್ಟಲೆ ಮಾಡಿದ ಕೆಲಸದ ಆ ಭಾಗವನ್ನು ಕೈಬಿಡಬೇಕಾಯಿತು.

ಹುಡುಗನನ್ನು ದೂರಿ ಫಲವಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಮುದ್ರಣಕ್ಕಾಗಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. 1964ರಲ್ಲಿ ಅವರು ತೀರಿಕೊಂಡ ಬಳಿಕ 60 ವರ್ಷಗಳು ಕಳೆದು, 2025ರ ಆರಂಭದಿಂದ ಅವರ ಬರೆಹಗಳ ಮೇಲಿನ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಇನ್ನು ಯಾರು ಬೇಕಾದರೂ ಅವನ್ನು ಇ-ಪುಸ್ತಕವಾಗಿಸಬಹುದು. ಸಂತೋಷದ ಮಾತು. ಆದರೆ ಯಾವ ಆವೃತ್ತಿಯನ್ನು ಹಿಡಿದೆವು, ಏನನ್ನು ತಿದ್ದಿದೆವು ಎಂದು ಹೇಳದೆ ಹತ್ತು ಮಂದಿ ಹತ್ತು ಕಡತಗಳನ್ನು ಹರಿಯಬಿಟ್ಟರೆ, ಹಳಕಟ್ಟಿಯವರು ಹಸ್ತಪ್ರತಿಗಳ ಗೊಂದಲದಿಂದ ಎತ್ತಿ ತಂದುದನ್ನು ನಾವು ಕಡತಗಳ ಗೊಂದಲಕ್ಕೆ ಮರಳಿಸಿದಂತಾಗುತ್ತದೆ.

ಕೊಂಡ ಇ-ಪುಸ್ತಕದ ಸ್ಥಿತಿಯಾದರೂ ಭದ್ರವೆ? ಬಹುತೇಕ ಅಂಗಡಿಗಳಲ್ಲಿ ಹಣ ಕೊಟ್ಟವನಿಗೆ ದೊರೆಯುವುದು ಓದುವ ಅನುಮತಿ, ಗ್ರಂಥದ ಒಡೆತನವಲ್ಲ. 2009ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆಯು ಹಕ್ಕಿಲ್ಲದವರು ಮಾರಿದರೆಂಬ ಕಾರಣದಿಂದ ಜಾರ್ಜ್ ಆರ್ವೆಲ್ಲನ ಕಾದಂಬರಿಗಳನ್ನು ಕೊಂಡವರ ಸಾಧನಗಳಿಂದಲೇ ಅಳಿಸಿತು. ಆಮೇಲೆ ಕ್ಷಮೆ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿಯನ್ನು ಮುಚ್ಚಿದಾಗ ಹಣ ಮರಳಿತು, ಪುಸ್ತಕಗಳು ಹೋದುವು. ಅಷ್ಟು ದೊಡ್ಡ ಅಂಗಡಿಯೇ ಹೀಗೆ ಮುಚ್ಚಬಹುದಾದರೆ ಕನ್ನಡದ ಸಣ್ಣ ಅಂಗಡಿಯೊಂದು ನಾಳೆ ನಷ್ಟದಿಂದ ನಿಂತಾಗ ಅದರಲ್ಲಿ ಮಾತ್ರ ಇದ್ದ ಗ್ರಂಥಗಳ ಗತಿಯನ್ನು ಊಹಿಸಬಹುದು.

ಕಾನೂನೂ ಇಲ್ಲಿ ನೆರವಾಗದು. 1954ರ ಗ್ರಂಥಸಲ್ಲಿಕೆಯ ಅಧಿನಿಯಮದಂತೆ ಪ್ರಕಾಶಕನು ತನ್ನ ಪ್ರತಿಯೊಂದು ಗ್ರಂಥವನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಕಳುಹಿಸಬೇಕು. ಆದರೆ ಅಲ್ಲಿಯ ಗ್ರಂಥಲಕ್ಷಣವು ಸಂಪುಟ, ಕಿರುಹೊತ್ತಗೆ, ಮುದ್ರಿಸಿದ ಅಥವಾ ಕಲ್ಲಚ್ಚಿನ ಭೂಪಟ ಮೊದಲಾದುವನ್ನು ಹೇಳುವುದೇ ಹೊರತು ಇ-ಪುಸ್ತಕವನ್ನು ಹೆಸರಿಸುವುದಿಲ್ಲ. ಇದಕ್ಕಿಂತ ಹಳೆಯದು 1867ರ ಮುದ್ರಣಾಲಯ ಮತ್ತು ಗ್ರಂಥನೋಂದಣಿ ಕಾಯಿದೆ. ಅದರ ಮೇರೆಗೆ ತಯಾರಾದ ತ್ರೈಮಾಸಿಕ ಪಟ್ಟಿಗಳಲ್ಲಿ ಗ್ರಂಥದ ಹೆಸರು, ಭಾಷೆ, ಲೇಖಕ, ಮುದ್ರಕ, ಪುಟ, ಬೆಲೆ, ಅಚ್ಚಾದ ಪ್ರತಿಗಳ ಸಂಖ್ಯೆ ಇವೆಲ್ಲ ದಾಖಲಾಗುತ್ತಿದ್ದುವು. ಪರಸರ್ಕಾರವು ಪ್ರಜೆಗಳ ಬರೆಹದ ಮೇಲೆ ಕಣ್ಣಿಡಲು ಮಾಡಿದ ಈ ಪಟ್ಟಿಗಳೇ ಇಂದು ಹತ್ತೊಂಬತ್ತನೆಯ ಶತಮಾನದ ಮುದ್ರಣದ ಚರಿತ್ರೆಗೆ ನಮ್ಮ ಮುಖ್ಯ ಆಕರ. ಆ ಕಾಯಿದೆ ರದ್ದಾಗಿದೆ. ಅದರ ಸ್ಥಾನದಲ್ಲಿ ಬಂದ 2023ರ ಅಧಿನಿಯಮವು 2024ರ ಮಾರ್ಚ್ 1ರಿಂದ ಜಾರಿಯಲ್ಲಿದ್ದು, ನಿಯತಕಾಲಿಕೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಪುಸ್ತಕಗಳನ್ನು ಬಿಟ್ಟಿದೆ. ಅಂಕುಶ ಹೋದುದು ಒಳ್ಳೆಯದೇ. ಆದರೆ ಅದರೊಡನೆ ಪಟ್ಟಿಯೂ ಹೋಯಿತು. 1890ರಲ್ಲಿ ಒಂದು ಕನ್ನಡ ಪುಸ್ತಕ ಎಷ್ಟು ಪ್ರತಿ ಅಚ್ಚಾಯಿತೆಂದು ಹೇಳಬಲ್ಲ ಇತಿಹಾಸಕಾರನು 2020ರಲ್ಲಿ ಒಂದು ಕನ್ನಡ ಇ-ಪುಸ್ತಕ ಎಷ್ಟು ಮಾರಿತೆಂದು ಹೇಳಲಾರದ ಕಾಲ ಬಂದಿದೆ.

6

ಬೀದರಿನಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸ ಇಂದಿಗೂ ನಿಂತಿದೆ. ಅದಕ್ಕೆ ಸೇರಿದಂತೆ ಸುಮಾರು 3000 ಗ್ರಂಥಗಳಿದ್ದುವೆಂದು ಪ್ರತೀತಿ. 1481ರಲ್ಲಿ ಗವಾನನ ವಧೆಯಾಯಿತು. 1696ರಲ್ಲಿ ಸ್ಫೋಟದಿಂದ ಕಟ್ಟಡದ ಒಂದು ಭಾಗ ಹಾರಿಹೋಯಿತು. ಹೆಂಚಿನ ನೀಲಿ ಬಣ್ಣ ಉಳಿದಿದೆ, ಆ ಗ್ರಂಥಸಂಗ್ರಹ ಉಳಿದಿಲ್ಲ. ಒಂದೇ ಕಡೆ ಇಟ್ಟದ್ದು ಒಂದೇ ಸಲ ಹೋಗಬಹುದೆಂಬುದಕ್ಕೆ ನಮ್ಮ ಊರಿಗಿಂತ ಬೇರೆ ಸಾಕ್ಷಿ ಬೇಡ.

ಮೇಲಿನ ವಿಚಾರದಿಂದ ನಾವು ತಲಪುವ ನಿಲುವು ಇಷ್ಟು. ಮುದ್ರಿತ ಪುಸ್ತಕ ಸತ್ತಿತೆಂಬವರ ಮಾತಿಗೂ ಇ-ಪುಸ್ತಕ ಸೋತಿತೆಂಬವರ ಮಾತಿಗೂ ಕನ್ನಡದಲ್ಲಿ ಸಾಕಷ್ಟು ಆಧಾರವಿಲ್ಲ. ಇದುವರೆಗೆ ಅಳೆದದ್ದು ಓದುಗನ ಒಲವನ್ನಲ್ಲ, ಬಾಗಿಲಿನ ಅಗಲವನ್ನು. ಔರಾದ, ಭಾಲ್ಕಿಗಳಿಗೆ ಬೇಕಾದದ್ದು ಇ-ಪುಸ್ತಕವಲ್ಲ, ಒಂದು ಒಳ್ಳೆಯ ಪುಸ್ತಕದಂಗಡಿ ಎಂದು ಕೆಲವರು ಆಕ್ಷೇಪಿಸಬಹುದು. ಅಂಗಡಿ ಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಅದು ಬರುವ ತನಕ ಹುಡುಗರು ಓದದೆ ಕಾಯಲಾರರು, ಕಾಯುತ್ತಲೂ ಇಲ್ಲ.

ಕೈಗೂಡುವ ಕೆಲಸಗಳು ಕೆಲವುಂಟು. ಇ-ಪುಸ್ತಕ ತರುವವರು ಮೂಲ ಆವೃತ್ತಿ, ವರ್ಷ, ತಿದ್ದುಪಡಿಗಳನ್ನು ಮೊದಲ ಪುಟದಲ್ಲಿ ಬರೆಯಬೇಕು. ಮೂಲದ ಪುಟಸಂಖ್ಯೆಯನ್ನು ಅಂಚಿನಲ್ಲಿ ಉಳಿಸಬೇಕು. ಪ್ರಕಾಶಕರು ವರ್ಷಕ್ಕೊಮ್ಮೆ ಮುದ್ರಿತ ಪ್ರತಿ ಮತ್ತು ಇ-ಪ್ರತಿಗಳ ಮಾರಾಟವನ್ನು ತಮ್ಮ ಪರಿಷತ್ತು, ಸಂಘಗಳ ಮುಂದೆ ಇಡಬೇಕು. ಗ್ರಂಥಾಲಯ ಕರದಿಂದ ಕೊಳ್ಳುವ ಇ-ಪುಸ್ತಕವು ಅಂಗಡಿಯ ಅನುಮತಿಯಾಗಿರದೆ ಗ್ರಂಥಾಲಯದ ಸ್ವತ್ತಾಗಿರಬೇಕು. 1954ರ ಅಧಿನಿಯಮದ ಗ್ರಂಥಲಕ್ಷಣಕ್ಕೆ ಇ-ಪುಸ್ತಕವನ್ನು ಸೇರಿಸಬೇಕು. ಕಡೆಯದಾಗಿ, ಹಿಂದಿನ ತ್ರೈಮಾಸಿಕ ಪಟ್ಟಿಯ ಕೆಲಸದಲ್ಲಿ ಒಂದು ಪಾಲನ್ನು ವಿಶ್ವವಿದ್ಯಾಲಯದ ವಿಭಾಗಗಳೇ ಹೊರಬಹುದು. ಬೀದರ ಜಿಲ್ಲೆಯ ಲೇಖಕರು ಯಾವ ರೂಪದಲ್ಲಾಗಲಿ ಪ್ರಕಟಿಸಿದ ಗ್ರಂಥಗಳ ಪಟ್ಟಿಯನ್ನು ಪ್ರತಿ ವರ್ಷ ಈ ಸಂಚಿಕೆಯ ಕೊನೆಯಲ್ಲಿ ಅಚ್ಚು ಮಾಡುವುದು ನಮ್ಮ ಶಕ್ತಿಗೆ ಮೀರಿದ್ದಲ್ಲ. ಆ ಪಟ್ಟಿಯನ್ನು ಆರಂಭಿಸಲು ನಾವು ಸಿದ್ಧರಿದ್ದೇವೆ. ಭಾಲ್ಕಿ, ಔರಾದಗಳ ಅಧ್ಯಾಪಕಮಿತ್ರರು ತಮ್ಮ ತಾಲ್ಲೂಕಿನ ವಿವರಗಳನ್ನು ಕೂಡಿಸಿ ಕಳುಹಿಸಬೇಕೆಂದು ಕೋರುತ್ತೇವೆ.